ಕೇರಿಯ ಬಡತನವೂ ವಿದ್ಯಾರ್ಥಿಯ ಏಳಿಗೆಯೂ: ಕೆಲವು ಆತ್ಮಕಥೆಗಳ ವಿಚಾರ

ಗೌರಿಬಿದನೂರು ತಾಲ್ಲೂಕಿಗೆ ಸೇರಿದ ಅಲೀಪುರವು ಆ ಸೀಮೆಯ ದೊಡ್ಡ ಗ್ರಾಮಗಳಲ್ಲೊಂದು. ಅಲ್ಲಿಯ ನಿವಾಸಿಗಳಲ್ಲಿ ಬಹುಪಾಲು ಷಿಯಾ ಪಂಥದ ಮುಸಲ್ಮಾನರು. ಮನೆಯ ಮಾತು ಉರ್ದು. ರತ್ನದ ಕಲ್ಲುಗಳಿಗೆ ಸಾಣೆ ಹಿಡಿದು ಮಾರುವುದು ಹಲವರ ಕಸುಬು. ಸುತ್ತಣ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕೇಳಿಬರುತ್ತವೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಒಂದು ಬಡ ಮನೆತನದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದಲ್ಲಿ ಪಾಂಡಿತ್ಯವನ್ನು ಪಡೆದು, 1973ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದುದು ನಾಡಿಗೆಲ್ಲ ತಿಳಿದ ಸಂಗತಿ. ಈ ಎರಡು ಊರುಗಳ ಹೆಸರನ್ನು ಜೊತೆಗಿಟ್ಟು ಹೇಳಲು ಕಾರಣವುಂಟು. ಆ ಸೀಮೆಯ ಯಾವುದೇ ಪಾಠಶಾಲೆಯಲ್ಲಿ ಒಬ್ಬ ಹುಡುಗನು ಓದಿನಲ್ಲಿ ಹಿಂದೆ ಬಿದ್ದನೆಂದರೆ, ಅದಕ್ಕೆ ಕಾರಣ ಕೇಳಿದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ: ಮನೆಯಲ್ಲಿ ಬಡತನವೆಂಬುದು ಒಂದು, ಹುಡುಗನಿಗೆ ಆಸ್ಥೆ ಸಾಲದೆಂಬುದು ಇನ್ನೊಂದು. ಎರಡನೆಯ ಉತ್ತರಕ್ಕೆ ಬಲ ಬರಲೆಂದು ನರಸಿಂಹಯ್ಯನವರ ಉದಾಹರಣೆಯನ್ನು ತರುವುದೂ ಸಹಜವೇ. ‘ಅವರು ಬೆಂಗಳೂರಿಗೆ ನಡೆದುಹೋಗಿ ಓದಲಿಲ್ಲವೆ?’ ಎಂಬ ಮಾತಿಗೆ ಹುಡುಗನ ಬಳಿ ಉತ್ತರವಿರುವುದಿಲ್ಲ.

ಈ ಎರಡು ಉತ್ತರಗಳೂ ಮನೆಯ ಹೊಸ್ತಿಲನ್ನು ದಾಟುವುದಿಲ್ಲವೆಂಬುದನ್ನು ನಾವು ಗಮನಿಸಬೇಕು. ಹೊಸ್ತಿಲಿನ ಆಚೆ ಒಂದು ಬೀದಿಯುಂಟು. ಆ ಬೀದಿಯಲ್ಲಿ ಶಾಲೆಗೆ ಹೋಗುವ ಹುಡುಗರು ಎಷ್ಟು ಮಂದಿ, ಕೆಲಸಕ್ಕೆ ಹೋಗುವವರು ಎಷ್ಟು ಮಂದಿ. ರಾತ್ರಿಯ ವೇಳೆ ಓದಲು ಬೆಳಕೂ ತಾವೂ ಇವೆಯೋ ಇಲ್ಲವೋ. ಪುಸ್ತಕವನ್ನು ಎರವಲು ಕೊಡಬಲ್ಲ ನೆರೆಯವರು ಇರುವರೋ ಇಲ್ಲವೋ. ಹತ್ತಿರದ ಹೈಸ್ಕೂಲಿಗೆ ಎಷ್ಟು ಮೈಲಿ—ಇವುಗಳೆಲ್ಲ ಸೇರಿ ಒಂದು ಸ್ಥಿತಿಯಾಗುತ್ತದೆ. ಅದನ್ನು ಪ್ರಕೃತ ಲೇಖನದಲ್ಲಿ ‘ಕೇರಿಯ ಬಡತನ’ ಎಂದು ಕರೆದಿದ್ದೇನೆ. ಕೇರಿಯೆಂಬ ಶಬ್ದಕ್ಕೆ ನಮ್ಮಲ್ಲಿ ಜಾತಿಯ ನೆರಳು ಬಿದ್ದಿದೆ. ಆ ನೆರಳನ್ನು ಅಳಿಸಿ ಈ ವಿಷಯವನ್ನು ಚರ್ಚಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಮನೆಯ ಬಡತನಕ್ಕೂ ಕೇರಿಯ ಬಡತನಕ್ಕೂ ಇರುವ ಭೇದವನ್ನು ಸಮಾಜಶಾಸ್ತ್ರಜ್ಞರು ಬಹುಕಾಲದಿಂದ ಅಳೆಯುತ್ತ ಬಂದಿದ್ದಾರೆ. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್‌ಮನ್ ಎಂಬುವರ ನೇತೃತ್ವದಲ್ಲಿ ಸಿದ್ಧವಾದ ವರದಿಯು, ಶಾಲೆಯ ಕಟ್ಟಡ ಸಲಕರಣೆಗಳಿಗಿಂತ ಮಗುವಿನ ಮನೆತನದ ಸ್ಥಿತಿಯೂ ಜೊತೆಯಲ್ಲಿ ಕಲಿಯುವ ಮಕ್ಕಳ ಸ್ಥಿತಿಯೂ ಕಲಿಕೆಯ ಫಲದೊಡನೆ ಹೆಚ್ಚಾಗಿ ಹೊಂದಿಕೊಂಡಿರುವುದನ್ನು ತೋರಿಸಿತು. 1994ರಲ್ಲಿ ಅದೇ ದೇಶದ ಐದು ನಗರಗಳಲ್ಲಿ ಸುಮಾರು 4,600 ಬಡ ಕುಟುಂಬಗಳನ್ನು ಆರಿಸಿ, ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಮೆಯಿರುವ ಬಡಾವಣೆಗಳಿಗೆ ಹೋಗಿ ನೆಲೆಸಲು ನೆರವನ್ನಿತ್ತರು. ಮೊದಲ ಕೆಲವು ವರ್ಷಗಳ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವು ಕಾಣಲಿಲ್ಲ. ಪ್ರಯೋಗವು ನಿಷ್ಫಲವೆಂದು ಹಲವರು ಬಗೆದರು. 2016ರಲ್ಲಿ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು ಆ ಮಕ್ಕಳು ದೊಡ್ಡವರಾದ ಮೇಲಿನ ಲೆಕ್ಕವನ್ನು ತೆಗೆದು ನೋಡಿದಾಗ, 13 ವರ್ಷ ತುಂಬುವ ಮೊದಲೇ ಬಡಾವಣೆಯನ್ನು ಬದಲಿಸಿದವರ ಸಂಪಾದನೆಯು ಉಳಿದವರದಕ್ಕಿಂತ ಶೇಕಡ 31ರಷ್ಟು ಹೆಚ್ಚಾಗಿದ್ದುದೂ, ಅವರಲ್ಲಿ ಕಾಲೇಜು ಸೇರಿದವರು ಹೆಚ್ಚಾಗಿದ್ದುದೂ ತಿಳಿದುಬಂದಿತು. ತಡವಾಗಿ ಹೋದ ಮಕ್ಕಳಿಗೆ ಈ ಲಾಭವಿರಲಿಲ್ಲ. ನೆರೆಯ ಪ್ರಭಾವವು ಮುಂದಿನ ಪರೀಕ್ಷೆಯ ಅಂಕಪಟ್ಟಿಯಲ್ಲಿಯೇ ಕಾಣಬೇಕೆಂಬ ನಿಯಮವಿಲ್ಲ. ಮಗು ಎಷ್ಟು ವರ್ಷ ಆ ಗಾಳಿಯಲ್ಲಿ ಬೆಳೆಯಿತೆಂಬುದೇ ಮುಖ್ಯ.

ಅಂಕಿಗಳು ಇಂತಹದೊಂದು ಪ್ರಭಾವ ಉಂಟೆಂದು ಸಾರುತ್ತವೆ. ಅದು ಹೇಗೆ ನಡೆಯುತ್ತದೆಂಬುದನ್ನು ಹೇಳಲಾರವು. ಅದನ್ನು ಹೇಳುವವರು ಆ ಬೀದಿಯಲ್ಲಿ ಬೆಳೆದು, ಬರೆಯುವ ಶಕ್ತಿಯನ್ನು ಸಂಪಾದಿಸಿಕೊಂಡವರು. ಕನ್ನಡದಲ್ಲಿ ಅಂತಹ ಆತ್ಮಕಥೆಗಳಿಗೆ ಕೊರತೆಯಿಲ್ಲ. ಆದರೆ ನಾವು, ಅಂದರೆ ಸಾಹಿತ್ಯವನ್ನು ಪಾಠ ಹೇಳತಕ್ಕವರು, ಅವುಗಳನ್ನು ಓದಿಸುವ ಕ್ರಮದಲ್ಲಿ ಒಂದು ಮುಖ್ಯವಾದ ಲೋಪವಿದೆಯೆಂದು ನನಗೆ ತೋರುತ್ತದೆ. ಬಡತನವನ್ನು ಬೆಂಕಿಯೆಂದೂ ವಿದ್ಯಾರ್ಥಿಯನ್ನು ಬಂಗಾರವೆಂದೂ ಭಾವಿಸಿ, ಬೆಂಕಿಯಲ್ಲಿ ಬಿದ್ದ ಬಂಗಾರ ಹೊಳೆಯಿತೆಂದು ಬೋಧಿಸಿ ಪುಸ್ತಕವನ್ನು ಮುಚ್ಚುತ್ತೇವೆ. ಗ್ರಂಥಗಳಲ್ಲಿರುವ ಸಾಕ್ಷ್ಯವು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನೇ ಮೊದಲು ತೆಗೆದುಕೊಳ್ಳೋಣ. ಹೊಸೂರಿನ ಶಾಲೆಯಲ್ಲಿ ಮಾಧ್ಯಮಿಕ ತರಗತಿಗಳ ವರೆಗೆ ಓದಿದ ಹುಡುಗನಿಗೆ ಮುಂದೆ ದಾರಿಯಿರಲಿಲ್ಲ; ಊರಿನಲ್ಲಿ ಹೈಸ್ಕೂಲು ಇರಲಿಲ್ಲ. 1935ರಲ್ಲಿ ಆತನು ಸುಮಾರು 85 ಕಿಲೋಮೀಟರು ದೂರವನ್ನು ಎರಡು ದಿನಗಳಲ್ಲಿ ನಡೆದು ಬೆಂಗಳೂರನ್ನು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ದಾಖಲಾದನು. ಈ ನಡಿಗೆಯು ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಒಂದು ಪುರಾಣದಂತೆಯೇ ಆಗಿಹೋಗಿದೆ. ಪುರಾಣವಾದ ಸಂಗತಿಗೆ ಬರುವ ಅಪಾಯವೇನೆಂದರೆ, ಅದರ ಒಂದೇ ಅಂಶವು ಬೆಳೆದು ಉಳಿದವೆಲ್ಲ ಮರೆಯಾಗುತ್ತವೆ. ಇಲ್ಲಿ ಬೆಳೆದು ನಿಂತದ್ದು ಕಾಲುಗಳ ಬಲ.

ಅವನು ನಡೆದದ್ದೇಕೆ? ಗೌರಿಬಿದನೂರಿನ ಮೂಲಕ ಬೆಂಗಳೂರಿಗೆ ಹೋಗುವ ರೈಲುದಾರಿ ಹತ್ತೊಂಬತ್ತನೆಯ ಶತಮಾನವು ಮುಗಿಯುವುದರೊಳಗಾಗಿಯೇ ಬಂದಿತ್ತು. ರೈಲು ಇತ್ತು, ಚಾರ್ಜಿಗೆ ಕಾಸು ಇರಲಿಲ್ಲ. ಇದು ಮನೆಯ ಬಡತನ. ಅವನು ಬೆಂಗಳೂರಿಗೇ ಹೋಗಬೇಕಾದುದೇಕೆ? ಅಷ್ಟು ಹತ್ತಿರದಲ್ಲಿ ಅವನಿಗೆ ಎಟುಕುವ ಹೈಸ್ಕೂಲು ಇಲ್ಲದಿದ್ದುದರಿಂದ. ಇದು ಊರಿನ ಬಡತನ. ಹೊಸೂರಿನಲ್ಲಿ ಒಬ್ಬ ಉಳ್ಳವನ ಮಗನಿದ್ದರೂ ಅವನಿಗೂ ಇದು ತಪ್ಪುತ್ತಿರಲಿಲ್ಲ, ಅವನು ರೈಲಿನಲ್ಲಿ ಹೋಗುತ್ತಿದ್ದನೆಂಬುದಷ್ಟೇ ವ್ಯತ್ಯಾಸ. ಇನ್ನು ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು: ಬೆಂಗಳೂರಿನಲ್ಲಿ ಅಂತಹದೊಂದು ಶಾಲೆಯಿದೆಯೆಂದೂ, ತನ್ನಂತಹವನಿಗೆ ಅಲ್ಲಿ ಪ್ರವೇಶ ದೊರೆಯಬಹುದೆಂದೂ ಆ ಹಳ್ಳಿಯ ಹುಡುಗನಿಗೆ ಹೊಳೆದದ್ದು ಹೇಗೆ? ಹೊಸೂರಿನ ಶಾಲೆಯಲ್ಲಿ ಅವನಿಗೆ ಪಾಠ ಹೇಳಿ, ಅನಂತರ ಬೆಂಗಳೂರಿನ ಆ ಸಂಸ್ಥೆಗೆ ಸೇರಿದ ಎಂ. ಎಸ್. ನಾರಾಯಣರಾಯರೆಂಬ ಉಪಾಧ್ಯಾಯರ ಮೂಲಕ. ಈ ಒಬ್ಬ ವ್ಯಕ್ತಿಯು ಹೊಸೂರಿಗೆ ಬಾರದೆಯೇ ಹೋಗಿದ್ದರೆ, ಎರಡು ದಿನ ನಡೆಯಬಲ್ಲ ಕಾಲುಗಳು ಎತ್ತ ನಡೆಯಬೇಕೆಂಬುದನ್ನು ಅರಿಯದೆ ಹೊಲದ ಬದುಗಳಲ್ಲಿಯೇ ಸವೆದುಹೋಗುತ್ತಿದ್ದುವು.

ಬಸವನಗುಡಿಯ ಆ ಶಾಲೆಯಾದರೂ ಆಕಾಶದಿಂದ ಇಳಿದುದಲ್ಲ. ಆನಿ ಬೆಸೆಂಟರು ನಡೆಸಿದ ರಾಷ್ಟ್ರೀಯ ಶಿಕ್ಷಣದ ಆಂದೋಲನದ ಫಲವಾಗಿ 1917ರಲ್ಲಿ ಹುಟ್ಟಿದ ಸಂಸ್ಥೆಯದು. ನಡೆದು ಬಂದ ಹಳ್ಳಿಯ ಹುಡುಗನನ್ನು ಸೇರಿಸಿಕೊಳ್ಳುವ ಮನಸ್ಸು ಅಲ್ಲಿದ್ದುದು ಆ ಕಾಲದ, ಆ ಬಡಾವಣೆಯ ಸಾರ್ವಜನಿಕ ಜೀವನದಿಂದ ಬಂದದ್ದು. 1936ರಲ್ಲಿ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿಯ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನು ಇದೇ ಹುಡುಗ. ಹೊಸೂರಿನಿಂದ ಬಂದ ಒಂದೇ ವರ್ಷದ ಅವಧಿಯಲ್ಲಿ! ಬುದ್ಧಿಯು ಒಂದೇ ವರ್ಷದಲ್ಲಿ ಇಮ್ಮಡಿಯಾಗುವುದಿಲ್ಲ. ಬದಲಾದದ್ದು ಸುತ್ತಣ ಪರಿಸರ. ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮ್ಮ ವಾಙ್ಮಯದಲ್ಲಿ ದೊರೆಯುವುದು ಕಷ್ಟ.

ಆದರೂ ಗ್ರಂಥಕರ್ತರು ಇಟ್ಟ ಹೆಸರು ‘ಹೋರಾಟದ ಹಾದಿ’. ಹೋರಾಟಕ್ಕೆ ಒಬ್ಬ ವೀರನು ಬೇಕು. ಹಾದಿಗೆ ಒಬ್ಬ ಪಥಿಕನು ಬೇಕು. ಆತ್ಮಕಥೆಯೆಂಬ ಸಾಹಿತ್ಯಪ್ರಕಾರದ ಸ್ವಭಾವವೇ ಹೀಗೆ: ಅದು ‘ನಾನು’ ಎಂಬ ಶಬ್ದದಿಂದ ಆರಂಭವಾಗತಕ್ಕದ್ದು. ದಾರಿಯ ಬದಿಯಲ್ಲಿ ನಿಂತವರು ಕೃತಜ್ಞತೆಯ ಪುಟಗಳಿಗೆ ಸರಿಯುತ್ತಾರೆ. ಇದು ಲೇಖಕರ ಅಹಂಕಾರದ ದೋಷವಲ್ಲ. ನರಸಿಂಹಯ್ಯನವರಷ್ಟು ನಿರಾಡಂಬರರು ವಿರಳ. ಪ್ರಕಾರದ ಒತ್ತಡವು ಲೇಖಕರ ವಿನಯವನ್ನು ಮೀರುತ್ತದೆ. ವಿಮರ್ಶಕನು ಆ ಒತ್ತಡವನ್ನು ಗುರುತಿಸಿ ಓದದಿದ್ದರೆ ಗ್ರಂಥಕ್ಕೂ ಅನ್ಯಾಯ, ಅದನ್ನು ಕೇಳುವ ಹುಡುಗನಿಗೂ ಅನ್ಯಾಯ.

ಇನ್ನೊಂದು ಮಾತು. ಆತ್ಮಕಥೆಗಳನ್ನು ಬರೆದವರು ದಾಟಿದವರು. ಹೊಸೂರಿನ ಶಾಲೆಯಲ್ಲಿ ಅದೇ ಮಣೆಯ ಮೇಲೆ ಕುಳಿತು ಓದಿದ ಉಳಿದ ಮಕ್ಕಳ ಕಥೆಯನ್ನು ಬರೆದವರಿಲ್ಲ. ಹೊಳೆಯನ್ನು ಈಜಿ ದಡ ಸೇರಿದವರ ಮಾತನ್ನು ಮಾತ್ರ ಕೇಳಿ ಹೊಳೆಯ ಆಳವನ್ನು ನಿರ್ಣಯಿಸಿದಂತೆ, ಈ ಗ್ರಂಥಗಳಿಂದ ಮಾತ್ರವೇ ಬಡತನದ ಬಲವನ್ನು ಅಳೆಯುವುದು ತರ್ಕಕ್ಕೆ ಒಪ್ಪದು.

ಎಸ್. ಎಲ್. ಭೈರಪ್ಪನವರ ‘ಭಿತ್ತಿ’ (1996) ಇದಕ್ಕಿಂತ ಉಗ್ರವಾದ ಬಡತನವನ್ನು ವರ್ಣಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಪ್ಲೇಗಿನ ಮಾರಿಗೆ ಮನೆಯವರನ್ನು ಕಳೆದುಕೊಂಡು, ವಾರಾನ್ನವನ್ನುಂಡು, ಸಿಕ್ಕ ಕೆಲಸಗಳನ್ನೆಲ್ಲ ಮಾಡಿ ಮೈಸೂರಿನಲ್ಲಿ ವಿದ್ಯೆಯನ್ನು ಸಂಪಾದಿಸಿದ ಬಾಲಕನ ಕಥೆಯನ್ನು ಓದಿ ಎದೆ ಕರಗದವರಿಲ್ಲ. ಗದ್ಯದ ಕಸುವಿನಲ್ಲಿ ‘ಭಿತ್ತಿ’ಯು ‘ಹೋರಾಟದ ಹಾದಿ’ಗಿಂತ ಎಷ್ಟೋ ಮೇಲೆಂದು ಒಪ್ಪಬೇಕು. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಅಲ್ಲಿ ವಿಚಾರಿಸತಕ್ಕ ಸಂಗತಿ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ಓದುವ ಈ ಪದ್ಧತಿಯಿಂದ ಹಳೆಯ ಮೈಸೂರಿನ ಎಷ್ಟೋ ಮಂದಿ ವಿದ್ವಾಂಸರು, ಅಧಿಕಾರಿಗಳು, ಲೇಖಕರು ಮೇಲೆ ಬಂದರು. ಅನ್ನಕ್ಕಾಗಿ ಪರರ ಮನೆಯ ಬಾಗಿಲಲ್ಲಿ ನಿಲ್ಲುವ ಅವಮಾನವು ಅದರಲ್ಲಿತ್ತು. ಅದನ್ನು ಉಂಡವರೇ ಬಲ್ಲರು. ಆದರೆ ಏಳು ಮನೆಗಳು ಇದ್ದುವಷ್ಟೆ! ಒಬ್ಬ ಬಡ ಬ್ರಾಹ್ಮಣ ಬಾಲಕನಿಗೆ ತನ್ನ ಮನೆಯಲ್ಲಿ ಏನೂ ಇಲ್ಲದಿದ್ದಾಗಲೂ, ಉಣ್ಣಲಿಕ್ಕುವ ಶಕ್ತಿಯೂ ವಿದ್ಯೆಯಲ್ಲಿ ಗೌರವವೂ ಇದ್ದ ಏಳು ಮನೆಗಳು ಒಂದೇ ಅಗ್ರಹಾರದಲ್ಲಿ ದೊರೆಯುತ್ತಿದ್ದುವು. ಅವನ ಮನೆ ಬಡವಾಗಿತ್ತು, ಅವನ ಕೇರಿ ಬಡವಾಗಿರಲಿಲ್ಲ. ಅದೇ ಊರಿನ ಹೊಲಗೇರಿಯಲ್ಲಿ ಅಷ್ಟೇ ಹಸಿದ, ಅಷ್ಟೇ ಬುದ್ಧಿಯುಳ್ಳ ಬಾಲಕನಿಗೆ ಏಳು ಮನೆಗಳು ಎಲ್ಲಿಂದ ಬರಬೇಕು? ಅವನ ನೆರೆಯ ಮನೆಗಳಲ್ಲಿಯೂ ಒಲೆ ಹೊತ್ತಿರಲಿಲ್ಲ.

ಇದನ್ನು ಹೇಳುವುದರಿಂದ ಭೈರಪ್ಪನವರು ಪಟ್ಟ ಕಷ್ಟವು ಕಿರಿದಾಗುವುದೆಂದು ಯಾರೂ ತಿಳಿಯಬಾರದು. ಹಸಿವು ಜಾತಿಯನ್ನು ನೋಡಿ ಕಡಮೆ ಉರಿಯುವುದಿಲ್ಲ. ನಾನು ಹೇಳುವುದಿಷ್ಟೆ: ಸಮಾನವಾದ ಹಸಿವಿಗೆ ಅಸಮಾನವಾದ ಬೀದಿಗಳಿದ್ದುವು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯದಲ್ಲಿಯೂ ಇದನ್ನೇ ಕಾಣಬಹುದು. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರಿಗೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು, ಉಳ್ಳವರ ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸುವ ಅವಕಾಶವಿತ್ತು, 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ದೊರೆಯಿತು. ಬೀದಿದೀಪದ ಕೆಳಗೆ ಓದಿದ ಮಹನೀಯರ ಕಥೆಗಳನ್ನು ಹೇಳುವಾಗ, ಆ ಬೀದಿಯಲ್ಲಿ ದೀಪವಿತ್ತೆಂಬುದನ್ನು ನಾವು ಮರೆಯುತ್ತೇವೆ.

ವಾರಾನ್ನದ ಏಳು ಮನೆಗಳು ಇಲ್ಲದ ಕಡೆ ಏನಾಗುತ್ತದೆ, ಅವುಗಳ ಸ್ಥಾನವನ್ನು ಯಾವುದು ತುಂಬುತ್ತದೆ ಎಂಬುದನ್ನು ತಿಳಿಯಬೇಕಾದರೆ ಸಿದ್ದಲಿಂಗಯ್ಯನವರ ‘ಊರು ಕೇರಿ’ಯನ್ನು ಓದಬೇಕು. ಇದರ ಮೊದಲ ಭಾಗವು ಪ್ರಕಟವಾದದ್ದು ‘ಭಿತ್ತಿ’ ಬಂದ 1996ರಲ್ಲಿಯೇ. ಎರಡು ಗ್ರಂಥಗಳನ್ನೂ ಎದುರುಬದುರಾಗಿಟ್ಟು ಓದಿಸುವ ಅಧ್ಯಾಪಕರು ಇದ್ದರೆ ಅವರ ವಿದ್ಯಾರ್ಥಿಗಳು ಪುಣ್ಯವಂತರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿಯು ತನ್ನ ಬಾಲ್ಯದಲ್ಲಿ ಕಂಡ ಒಂದು ನೋಟವನ್ನು ಗ್ರಂಥದ ಆರಂಭದಲ್ಲಿಯೇ ತರುತ್ತಾರೆ: ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಇನ್ನೊಬ್ಬನು ಉಳುತ್ತಿದ್ದಾನೆ; ಎಳೆಯುತ್ತಿರುವ ಇಬ್ಬರಲ್ಲಿ ಒಬ್ಬನು ಬಾಲಕನ ತಂದೆ. ಇದನ್ನು ಹೇಳುವ ಧ್ವನಿಯಲ್ಲಿ ಕೂಗಿಲ್ಲ, ಶಾಪವಿಲ್ಲ. ‘ಹೊಲೆಮಾದಿಗರ ಹಾಡು’ (1975) ಬರೆದ ಕವಿಯಿಂದ ಸಿಡಿಲನ್ನು ನಿರೀಕ್ಷಿಸಿ ಬಂದ ಓದುಗರು ಇಲ್ಲಿ ತಿಳಿಯಾದ ನಗೆಯನ್ನು ಕಂಡು ಬೆರಗಾದರು. ಕೆಲವರಿಗೆ ಅಸಮಾಧಾನವೂ ಆಯಿತು.

ಆ ಅಸಮಾಧಾನವು ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ. ‘ಊರು ಕೇರಿ’ಯ ಹೆಸರಿನಲ್ಲಿಯೇ ‘ನಾನು’ ಇಲ್ಲ, ಎರಡು ಸ್ಥಳಗಳಿವೆ. ಒಳಗೆ ಹೋದರೂ ಅಷ್ಟೆ. ಕಥಾನಾಯಕನು ಪದೇ ಪದೇ ಹಿಂದಕ್ಕೆ ಸರಿದು ಕೇರಿಯ ಜನರಿಗೆ ದಾರಿಬಿಡುತ್ತಾನೆ. ಘಟನೆಗಳು ಒಂದಕ್ಕೊಂದು ಹೊಂದಿ ಮೇಲೇರುವ ಸೋಪಾನವಾಗುವುದಿಲ್ಲ. ಚದುರಿಬಿದ್ದ ಪ್ರಸಂಗಗಳಾಗಿಯೇ ಉಳಿಯುತ್ತವೆ. ಇದನ್ನು ರಚನೆಯ ಶೈಥಿಲ್ಯವೆಂದು ಹೇಳುವುದು ಸುಲಭ. ಆದರೆ ಸೋಪಾನದ ರೂಪವೇ ‘ಏರಿದವನ’ ರೂಪವಲ್ಲವೆ? ಏರದವರೂ ಕಾಣಿಸಬೇಕಾದರೆ ಕಥೆಯು ಅಗಲವಾಗಿ ಹರಡಬೇಕು. ಆತ್ಮಕಥೆಯ ಪ್ರಕಾರದಲ್ಲಿ ಮೊದಲೇ ಹೇಳಿದ ಒತ್ತಡವನ್ನು ಈ ಗ್ರಂಥವು ಸದ್ದಿಲ್ಲದೆ ಗೆದ್ದಿದೆ.

ಬೆಂಗಳೂರಿಗೆ ಬಂದ ಮೇಲಿನ ಭಾಗಗಳಲ್ಲಿ ಎರಡು ಸ್ಥಳಗಳು ನಮ್ಮ ಗಮನವನ್ನು ಸೆಳೆಯುತ್ತವೆ. ಒಂದು ಗೋಪಾಲಪುರದ ವಿದ್ಯಾರ್ಥಿನಿಲಯ, ಇನ್ನೊಂದು ಸ್ಮಶಾನ. ವಿದ್ಯಾರ್ಥಿನಿಲಯವು ಅನ್ನ ಕೊಟ್ಟಿತು, ಸಹವಾಸ ಕೊಟ್ಟಿತು. ಓದುವುದೇ ರೂಢಿಯಾದ ಹತ್ತಾರು ಹುಡುಗರ ನಡುವೆ ಇರಿಸಿತು. ಅಂದರೆ, ಬಡ ಕೇರಿಯ ಹುಡುಗನಿಗೆ ಸರ್ಕಾರವೂ ಸಮಾಜವೂ ಸೇರಿ ಕಟ್ಟಿಕೊಟ್ಟ ಬೇರೊಂದು ಕೇರಿಯದು. ವಾರಾನ್ನದ ಏಳು ಮನೆಗಳನ್ನು ಒಂದೇ ಸೂರಿನ ಕೆಳಗೆ ತಂದಂತೆ. ಆದರೆ ಏಕಾಂತವನ್ನು ಅದೂ ಕೊಡಲಾರದು. ಆದಕಾರಣ ಹುಡುಗನು ಸ್ಮಶಾನದಲ್ಲಿ ಕುಳಿತು ಓದುತ್ತಾನೆ. ಇದನ್ನು ಸಿದ್ದಲಿಂಗಯ್ಯನವರು ವಿನೋದದಿಂದಲೇ ಹೇಳುತ್ತಾರೆ, ನಾವೂ ನಗುತ್ತೇವೆ. ಒಂದು ದೊಡ್ಡ ನಗರವು ತನ್ನ ಬಡ ವಿದ್ಯಾರ್ಥಿಗೆ ಓದಲು ಕೊಟ್ಟ ನಿಶ್ಶಬ್ದವಾದ ತಾವು ಸತ್ತವರ ತಾವೊಂದೇ ಎಂಬ ಅರ್ಥವು ಪುಟ ಮಗುಚಿದ ಮೇಲೆ ಹೊಳೆಯುತ್ತದೆ. ಕೋಲ್‌ಮನ್ನರ ಕೋಷ್ಟಕಗಳಲ್ಲಿ ಈ ಸಂಗತಿಗೆ ಅಂಕಣವಿಲ್ಲ.

ನೆರವು ದೊರೆತಾಗ ಅದರೊಡನೆ ಬರುವ ನಂಜನ್ನು ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಯ ಹೆಸರಿನಲ್ಲಿಯೇ ಹಿಡಿದಿಟ್ಟಿದ್ದಾರೆ. ‘ಗೌರ್ಮೆಂಟ್ ಬ್ರಾಹ್ಮಣ’ (1994) ಎಂಬುದು ಸರ್ಕಾರದ ಸೌಲಭ್ಯವನ್ನು ಪಡೆದು ಓದುವ ದಲಿತ ವಿದ್ಯಾರ್ಥಿಯನ್ನು ಕುರಿತ ಕುಹಕದ ಮಾತು. ಅಗ್ರಹಾರದ ಏಳು ಮನೆಗಳ ಅನ್ನವನ್ನುಂಡವನಿಗೆ ಯಾರೂ ಇಂತಹ ಬಿರುದನ್ನು ಕೊಡಲಿಲ್ಲ. ಆ ಸಹಾಯವು ದಾನವೆನಿಸಿತು, ಈ ಸಹಾಯವು ಅನರ್ಹನಿಗೆ ಸಂದ ಲಾಭವೆನಿಸಿತು. ಮೈಸೂರು ಸಂಸ್ಥಾನದಲ್ಲಿ 1918ರ ಮಿಲ್ಲರ್ ಸಮಿತಿಯಿಂದ ಹಿಡಿದು 1975ರ ಹಾವನೂರು ಆಯೋಗದ ವರದಿಯ ವರೆಗೆ ನಡೆದ ವಾದವಿವಾದಗಳ ಒಳಗುಟ್ಟೆಲ್ಲ ಈ ಒಂದು ಹೆಸರಿನಲ್ಲಿ ಅಡಗಿದೆ.

ಈ ವರೆಗೆ ಹೇಳಿದವರೆಲ್ಲರೂ ಗಂಡಸರು. ಅವರಲ್ಲಿ ಯಾರ ಮನೆಯ ಮಾತೂ ಉರ್ದುವಲ್ಲ. ಅಲೀಪುರದ ಬಾಲಿಕೆಯೊಬ್ಬಳ ಸ್ಥಿತಿಯನ್ನು ಊಹಿಸಲು ಇವರ ಗ್ರಂಥಗಳು ಸಾಲವು. ಹದಿನೈದು ವರ್ಷದ ಹೆಣ್ಣುಮಗಳು ಎರಡು ದಿನ ಒಬ್ಬಳೇ ನಡೆದು ಬೆಂಗಳೂರಿಗೆ ಹೋಗಿ ಓದಲಿ ಎಂದು ಯಾವ ಉಪದೇಶಕನೂ ಹೇಳಲಾರನು. ಅಲ್ಲಿಗೆ ಆ ಉದಾಹರಣೆಯ ಉಪಯೋಗವು ಅರ್ಧಕ್ಕೆ ಅರ್ಧ ಇಳಿಯಿತು. ಇಲ್ಲಿ ನಮಗೆ ನೆರವಾಗುವವರು ಕಾಸರಗೋಡಿನ ಸಾರಾ ಅಬೂಬಕ್ಕರ್. 1936ರಲ್ಲಿ ಹುಟ್ಟಿದ ಅವರ ಮನೆಯ ಮಾತು ಮಲಯಾಳ, ಓದಿದ್ದು ಕನ್ನಡದಲ್ಲಿ. ತಂದೆ ವಕೀಲರು, ಮನೆಯಲ್ಲಿ ಬಡತನವಿರಲಿಲ್ಲ, ವಿದ್ಯೆಗೆ ಅನಾದರವೂ ಇರಲಿಲ್ಲ. ಆದರೂ ಹೈಸ್ಕೂಲಿನಲ್ಲಿಯೇ ವಿದ್ಯಾಭ್ಯಾಸವು ನಿಂತಿತು, ವಿವಾಹವಾಯಿತು. ಕಾಲೇಜಿನ ಬಯಕೆ ಬಯಕೆಯಾಗಿಯೇ ಉಳಿಯಿತು. ‘ಚಂದ್ರಗಿರಿಯ ತೀರದಲ್ಲಿ’ ಮೊದಲಾದ ಕಾದಂಬರಿಗಳಿಂದ ಹೆಸರಾಗುವ ಹೊತ್ತಿಗೆ ಅವರಿಗೆ ನಡುವಯಸ್ಸು ದಾಟಿತ್ತು. ತಮ್ಮ ಜೀವನವನ್ನು ಅವರು ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ‘ಭಿತ್ತಿ’ಯಲ್ಲಿ ಬಡ ಮನೆಯ ಬಾಲಕನನ್ನು ನೆರೆಯು ಮೇಲೆತ್ತಿತು, ಇಲ್ಲಿ ಉಳ್ಳ ಮನೆಯ ಬಾಲಿಕೆಯನ್ನು ನೆರೆಯು ತಡೆಯಿತು. ಎರಡನ್ನೂ ಕೂಡಿಸಿ ನೋಡಿದರೆ, ಮನೆಯ ಹಣವೊಂದರಿಂದಲೇ ವಿದ್ಯೆಯ ಲೆಕ್ಕವನ್ನು ಹಾಕುವುದು ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಮುಸಲ್ಮಾನರ ವಿದ್ಯಾಭ್ಯಾಸವನ್ನು ಕುರಿತು ಮಾತನಾಡುವಾಗ ‘ಅವರಿಗೆ ಶಾಲೆ ಬೇಡ, ಮದರಸಾ ಸಾಕು’ ಎಂಬ ಮಾತು ವಿದ್ಯಾವಂತರ ಬಾಯಿಂದಲೂ ಬರುವುದುಂಟು. 2006ರ ಸಾಚಾರ್ ಸಮಿತಿಯ ವರದಿಯು ಇದನ್ನು ಸುಳ್ಳೆಂದು ತೋರಿಸಿದೆ. ಶಾಲಾವಯಸ್ಸಿನ ಮುಸಲ್ಮಾನ ಮಕ್ಕಳಲ್ಲಿ ಮದರಸಾಗಳಿಗೆ ಹೋಗುವವರು ಶೇಕಡ 3ರಷ್ಟು ಮಾತ್ರ. 6ರಿಂದ 14 ವರ್ಷದವರಲ್ಲಿ ಶೇಕಡ 25ರಷ್ಟು ಮಕ್ಕಳು ಎಂದೂ ಶಾಲೆಗೆ ಹೋದವರಲ್ಲ, ಇಲ್ಲವೆ ನಡುವೆ ಬಿಟ್ಟವರು. ಇದು ಇಡೀ ದೇಶದ ಲೆಕ್ಕ. ಅಲೀಪುರಕ್ಕೆ ಹಾಗೆಯೇ ಹೊಂದಿಸಿ ಹೇಳತಕ್ಕದ್ದಲ್ಲ. ಹತ್ತಿರದಲ್ಲಿ ಶಾಲೆಯಿಲ್ಲದಿರುವುದು, ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಮೇಲಿನ ತರಗತಿಗಳು ಎಟುಕದಿರುವುದು ಇದಕ್ಕೆ ಕಾರಣಗಳೆಂದು ಸಮಿತಿಯು ಹೇಳಿತು. ಅಲೀಪುರದಂತಹ ಊರಿನಲ್ಲಿ ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಸೇರುತ್ತದೆ. ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ ತೆಲುಗು, ಮುಂದಿನ ವ್ಯಾಸಂಗದಲ್ಲಿ ಇಂಗ್ಲಿಷು. ಇಷ್ಟು ಭಾಷೆಗಳ ನಡುವೆ ಬೆಳೆದ ಮಗು ಅವುಗಳಲ್ಲೆಲ್ಲ ವ್ಯವಹರಿಸುತ್ತದೆ; ಆ ಜಾಣ್ಮೆಗೆ ನಾವು ಒಂದು ಅಂಕವನ್ನೂ ಕೊಡುವುದಿಲ್ಲ, ಕನ್ನಡದ ಪ್ರಬಂಧದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕಳೆಯುತ್ತೇವೆ. ಕಾಗುಣಿತವನ್ನು ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ತಪ್ಪಿನ ಮೂಲವು ಸೋಮಾರಿತನವೋ, ಮನೆಯ ಬೀದಿಯಲ್ಲಿ ಆ ಮಾತನ್ನು ಬರೆಹದಲ್ಲಿ ಕಾಣದಿರುವುದೋ ಎಂಬ ವಿವೇಚನೆಯಾದರೂ ತಿದ್ದುವವನಿಗೆ ಇರಬೇಕು.

ಕಸುಬಿನ ವಿಚಾರವೂ ಹಾಗೆಯೇ. ಶಿಡ್ಲಘಟ್ಟವು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಕರ್ನಾಟಕದ ರೇಷ್ಮೆಯ ಕೆಲಸದಲ್ಲಿ ಮಕ್ಕಳು ಮುಂಗಡಹಣದ ಸಾಲಕ್ಕೆ ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರ ವರದಿಯೊಂದರಲ್ಲಿ ವಿವರಿಸಿತು. ಒಂದು ಬೀದಿಯ ಹತ್ತು ಮನೆಗಳಲ್ಲಿ ಎಂಟರ ಮಕ್ಕಳು ಬೆಳಗ್ಗೆ ಕೆಲಸಕ್ಕೆ ಹೊರಟರೆ, ಉಳಿದ ಎರಡು ಮನೆಗಳ ಮಕ್ಕಳಿಗೆ ಶಾಲೆಯ ದಾರಿಯೇ ವಿಚಿತ್ರವಾಗಿ ತೋರುವುದು. ರೇಷ್ಮೆಯಾಗಲಿ ರತ್ನದ ಕಲ್ಲಾಗಲಿ, ಕೈಗೆ ಬೇಗ ಕಾಸು ಕೊಡುವ ಯಾವ ಕಸುಬಾದರೂ ಮಗುವಿನ ಮುಂದೆ ನಿಂತು ಶಾಲೆಯೊಡನೆ ಪೈಪೋಟಿ ಮಾಡುತ್ತದೆ. ಸುಪ್ರೀಂ ಕೋರ್ಟಿನ 2001ರ ಆಜ್ಞೆಯನ್ನು ಅನುಸರಿಸಿ ನಮ್ಮಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟವು ಬಂದ ಮೇಲೆ ಈ ಪೈಪೋಟಿಯಲ್ಲಿ ಶಾಲೆಗೆ ಸ್ವಲ್ಪ ಬಲ ಬಂದಿತು. ಅದು ಒಂದು ಅರ್ಥದಲ್ಲಿ, ಜಾತಿಯನ್ನು ಕೇಳದ ವಾರಾನ್ನ.

ಇಷ್ಟಾದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಎಲ್ಲವನ್ನೂ ಕೇರಿಯ ತಲೆಯ ಮೇಲೆ ಹೊರಿಸಿದರೆ ವ್ಯಕ್ತಿಯ ಪ್ರಯತ್ನಕ್ಕೆ ಬೆಲೆಯೆಲ್ಲಿ? ಹುಡುಗನು ‘ನನ್ನ ಕೇರಿಯೇ ಹೀಗೆ’ ಎಂದು, ಉಪಾಧ್ಯಾಯನು ‘ಈ ಊರೇ ಹೀಗೆ’ ಎಂದು ಕೈಚೆಲ್ಲಿ ಕುಳಿತರೆ ಹಣೆಬರಹದ ಹಳೆಯ ವಾದವೇ ಹೊಸ ಅಂಗಿಯನ್ನು ತೊಟ್ಟು ಬಂದಂತಾಗದೆ? ಆಕ್ಷೇಪವು ಅಲ್ಲಗಳೆಯತಕ್ಕದ್ದಲ್ಲ, ಇವೆರಡರಲ್ಲಿ ಹೆಚ್ಚು ಭಯಪಡಬೇಕಾದದ್ದು ಉಪಾಧ್ಯಾಯನ ಮಾತಿಗೆ. ಆದರೆ ಗ್ರಂಥಗಳ ಸಾಕ್ಷ್ಯವನ್ನು ನೋಡಿ. ನರಸಿಂಹಯ್ಯನವರ ಬಾಳಿನಲ್ಲಿ ನಾರಾಯಣರಾಯರು ಯಾರು? ಅವರು ಹೊಸೂರಿನ ನೆರೆಯ ಭಾಗವೇ ಆಗಿದ್ದರು. ಉಪಾಧ್ಯಾಯನು ಊರಿನ ಸ್ಥಿತಿಯನ್ನು ಹೊರಗೆ ನಿಂತು ನೋಡುವ ಪ್ರೇಕ್ಷಕನಲ್ಲ, ಆ ಸ್ಥಿತಿಯಲ್ಲಿ ಎಣಿಸಿಕೊಳ್ಳಬೇಕಾದ ಒಂದು ಅಂಶ. ಬಡ ಊರಿನಲ್ಲಿ ಎಷ್ಟೋ ವೇಳೆ ಅವನೊಬ್ಬನೇ ಏಳು ಮನೆಗಳಿಗೆ ಸಮನಾಗಿರುತ್ತಾನೆ. ನಡೆದವನ ಪ್ರಯತ್ನವೂ ಸುಳ್ಳಲ್ಲ. ದಾರಿಯಿದ್ದುದರಿಂದ ಅದು ಫಲಿಸಿತು.

ತಮ್ಮ ಜೀವನಕ್ಕೆ ನರಸಿಂಹಯ್ಯನವರು ಬರೆದ ಭಾಷ್ಯವು ‘ಹೋರಾಟದ ಹಾದಿ’ಯೊಂದೇ ಅಲ್ಲ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದು ಬಂದ ಅವರು ಮನೆಯನ್ನು ಕಟ್ಟಲಿಲ್ಲ, ಮದುವೆಯಾಗಲಿಲ್ಲ. 2005ರಲ್ಲಿ ತೀರಿಕೊಳ್ಳುವ ವರೆಗೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಹುಡುಗರ ನಡುವೆ ಬಾಳಿದರು. ಅವರ ನ್ಯಾಷನಲ್ ಶಿಕ್ಷಣ ಸಂಸ್ಥೆಯು ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ತೆರೆಯಿತು. ತಾನು ನಡೆದಂತೆ ಎಲ್ಲರೂ ನಡೆಯಲೆಂಬುದು ಅವರ ಇಷ್ಟವಾಗಿದ್ದರೆ ಈ ಕಾಲೇಜುಗಳ ಅವಶ್ಯಕತೆಯಿರಲಿಲ್ಲ. ಆ 85 ಕಿಲೋಮೀಟರುಗಳನ್ನು ಅವರು ಹೊಗಳಿಕೊಳ್ಳುತ್ತ ಕೂರದೆ ಅಳಿಸಿಹಾಕಿದರು.

ಆ ತಾಲ್ಲೂಕಿನ ಕನ್ನಡ ಅಧ್ಯಾಪಕರಿಗೆ ಒಂದು ಸೂಚನೆಯನ್ನು ಮಾತ್ರ ಮಾಡಬಹುದು. ಈ ಗ್ರಂಥದ ನಡಿಗೆಯ ಭಾಗವನ್ನು ಪಾಠ ಹೇಳಿದ ದಿನ ‘ಇದರಿಂದ ನೀವು ಕಲಿಯುವ ನೀತಿಯೇನು’ ಎಂಬ ಪ್ರಶ್ನೆಯನ್ನು ಬಿಟ್ಟು, ರಾತ್ರಿ ಎಲ್ಲಿ ಕುಳಿತು ಓದುತ್ತೀರಿ, ನಿಮ್ಮ ಬೀದಿಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವರು ಯಾರು, ಶಾಲೆಯ ವಿಷಯವನ್ನು ಯಾರ ಬಳಿ ಕೇಳುತ್ತೀರಿ ಎಂಬುದನ್ನು ಮಕ್ಕಳಿಂದ ಒಂದು ಪುಟ ಬರೆಯಿಸಲಿ. ಬರೆಯಲಾರದವರು ಮನೆಯ ಮಾತಿನಲ್ಲಿಯೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ಬರೆದುಕೊಳ್ಳಲಿ. ಆ ಪುಟಗಳಿಗೆ ಅಂಕ ಕೊಡಬೇಕಾದುದಿಲ್ಲ. ಹಾಜರಿಪುಸ್ತಕದ ಪಕ್ಕದಲ್ಲಿಟ್ಟುಕೊಂಡರೆ ಸಾಕು.